ಮಲೆನಾಡಿನ ಪಾಲಿಹೌಸ್: ಸಬ್ಸಿಡಿ ಹೂವೊಂದಕ್ಕೆ 39 ಪೈಸೆ

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಈಗ ಯಾವ ಮದುವೆ ಮನೆಗೆ ಹೋದರೂ ಎಲೆಚುಕ್ಕಿ ರೋಗದ್ದೇ ಮಾತು. ಅಡಿಕೆ ತೋಟ ಹೀಗಾಯ್ತು, ಮುಂದೇನು? ಬೆಂಗಳೂರಿನ ಕೆಲಸ ಬಿಟ್ಟು ಊರಿಗೆ ಬಂದ ಹುಡುಗರು ಆಗ ಕೇಳುತ್ತಾರೆ: "ಹತ್ತು ಗುಂಟೆ ಪಾಲಿಹೌಸ್ ಹಾಕಿ ಜರ್ಬೆರಾ ಬೆಳೆದರೆ ಹೇಗೆ? ಅರ್ಧ ದುಡ್ಡು ಸರ್ಕಾರವೇ ಕೊಡುತ್ತಂತಲ್ಲ?" ಎದುರಿಗೆ ಕೂತ ಹಿರಿಯರು ಎಲೆಗೆ ಸುಣ್ಣ ಹಚ್ಚುತ್ತಾ "ನೋಡಪ್ಪ, ಹುಷಾರು" ಅಂದು ಸುಮ್ಮನಾಗುತ್ತಾರೆ. ಹುಡುಗರ ಉತ್ಸಾಹಕ್ಕೂ ಲೆಕ್ಕ ಇಲ್ಲ, ಹಿರಿಯರ ಅನುಮಾನಕ್ಕೂ ಲೆಕ್ಕ ಇಲ್ಲ. ಹಾಗಾಗಿ ಒಮ್ಮೆ ಲೆಕ್ಕ ಹಾಕಿಯೇ ನೋಡೋಣ. ಪಾಲಿಹೌಸ್ ಅಂದರೆ ಪ್ಲಾಸ್ಟಿಕ್ ಶೀಟು ಹೊದಿಸಿದ ಪೈಪಿನ ಮನೆ, ಜರ್ಬೆರಾ ಅಂದರೆ ಮಂಟಪಕ್ಕೆ, ಬೊಕೆಗೆ ಬಳಸುವ ಉದ್ದ ದಂಟಿನ ಹೂ.

ಸರ್ಕಾರದ ದುಡ್ಡಿನಿಂದ ಶುರು ಮಾಡೋಣ. ಪಾಲಿಹೌಸ್ ಸಬ್ಸಿಡಿ ಬರುವುದು ಕೇಂದ್ರದ ಸಮಗ್ರ ತೋಟಗಾರಿಕೆ ಅಭಿವೃದ್ಧಿ ಮಿಷನ್‌ನಿಂದ. ನಮ್ಮವರ ಬಾಯಲ್ಲಿ ಅದು ಇನ್ನೂ ರಾಷ್ಟ್ರೀಯ ತೋಟಗಾರಿಕೆ ಮಿಷನ್, ಅಂದರೆ ಎನ್‌ಎಚ್‌ಎಂ. 2014ರ ಮಾರ್ಗಸೂಚಿಯಲ್ಲಿ ಕಬ್ಬಿಣದ ಪೈಪಿನ, ಗಾಳಿ ತಾನಾಗಿ ಆಡುವ ಪಾಲಿಹೌಸ್‌ಗೆ ಚದರ ಮೀಟರಿಗೆ ಇಂತಿಷ್ಟು ಅಂತ ವೆಚ್ಚ ನಿಗದಿ ಮಾಡಿದ್ದರು. 500 ಚದರ ಮೀಟರ್‌ವರೆಗೆ 1,060 ರೂಪಾಯಿ, 1,008ರವರೆಗೆ 935 ರೂಪಾಯಿ. ದೊಡ್ಡದು ಹಾಕಿದಷ್ಟೂ ದರ ಇಳಿದು 844ಕ್ಕೆ ಬರುತ್ತಿತ್ತು. ಒಬ್ಬ ರೈತನಿಗೆ ಮಿತಿ 4,000 ಚದರ ಮೀಟರ್, ಅಂದರೆ ಒಂದು ಎಕರೆಗೆ ಕೂದಲೆಳೆ ಕಮ್ಮಿ. ಜರ್ಬೆರಾ ಗಿಡ ಮತ್ತು ನಾಟಿಗೆ ಬೇರೆಯಾಗಿ ಚದರ ಮೀಟರಿಗೆ 610 ರೂಪಾಯಿ. ಇದರಲ್ಲಿ ಅರ್ಧ ಸಬ್ಸಿಡಿ. 2025ರಲ್ಲಿ ಈ ದರಗಳನ್ನು ಏರಿಸಿದ್ದಾರೆ, ಪೈಪು, ಶೀಟಿನ ರೇಟೂ ಏರಿದೆ. ಕಾಂಟ್ರಾಕ್ಟರ್ ಕೊಡುವ ಕೊಟೇಷನ್ ಸರ್ಕಾರದ ದರಕ್ಕಿಂತ ಜಾಸ್ತಿ ಇದ್ದರೆ, ಮೇಲಿನ ವ್ಯತ್ಯಾಸ ರೈತನ ಜೇಬಿನದು. ಲೆಕ್ಕ ಸುಲಭವಾಗಲಿ ಅಂತ ಹಳೆಯ ದರವನ್ನೇ ಇಟ್ಟುಕೊಳ್ಳುತ್ತೇನೆ.

ಹತ್ತು ಗುಂಟೆ ಅಂದರೆ ಸುಮಾರು 1,000 ಚದರ ಮೀಟರ್. ಪಾಲಿಹೌಸ್ ಕಟ್ಟಲು 9.35 ಲಕ್ಷ, ಗಿಡಕ್ಕೆ 6.10 ಲಕ್ಷ. ಒಟ್ಟು 15.45 ಲಕ್ಷ. ಸರ್ಕಾರದ್ದು 7.72 ಲಕ್ಷ, ನಿಮ್ಮದೂ ಅಷ್ಟೇ. ಆದರೆ ಸರ್ಕಾರದ ಪಾಲು ಕೈಗೆ ಬರುವುದು ಕೆಲಸ ಮುಗಿದು, ಇಲಾಖೆಯವರು ಬಂದು ಅಳತೆ ತೆಗೆದುಕೊಂಡು ಹೋದ ಮೇಲೆ. ಅಲ್ಲಿಯವರೆಗೆ ಪೂರ್ತಿ ದುಡ್ಡು ನೀವೇ ಹೊಂದಿಸಬೇಕು.

ಇನ್ನು ಆದಾಯ. ಚದರ ಮೀಟರಿಗೆ ಆರು ಗಿಡ, ಗಿಡಕ್ಕೆ ವರ್ಷಕ್ಕೆ ಮೂವತ್ತೈದು ಹೂ ಅಂತ ಹಿಡಿದರೆ 2.1 ಲಕ್ಷ ಹೂ. ಸೊಟ್ಟ ದಂಟು, ಹುಳ ಕಡಿದದ್ದು ಕಳೆದು ಎರಡು ಲಕ್ಷ ಅನ್ನೋಣ. ಖರ್ಚಿನ ಅಂಕಿಗಳು ನನ್ನ ಅಂದಾಜು, ನಿಮ್ಮ ಊರಿನ ದರ ಹಾಕಿ ತಿದ್ದಿಕೊಳ್ಳಿ. ದಿನಕ್ಕೆ ಐನೂರು ರೂಪಾಯಿಯ ಇಬ್ಬರು ಆಳು: ವರ್ಷಕ್ಕೆ 3.65 ಲಕ್ಷ. ಭಾನುವಾರ, ಹಬ್ಬ ಅಂತ ರಜೆ ಇಲ್ಲ, ಹೂವು ಅರಳುವುದನ್ನು ನಿಲ್ಲಿಸುವುದಿಲ್ಲವಲ್ಲ. ಡ್ರಿಪ್ಪಿನಲ್ಲಿ ಬಿಡುವ ಗೊಬ್ಬರ, ಔಷಧಿಗೆ ತಿಂಗಳಿಗೆ ಹನ್ನೆರಡು ಸಾವಿರ: 1.44 ಲಕ್ಷ. ಪ್ಯಾಕಿಂಗ್, ಬಸ್ ಚಾರ್ಜು, ಏಜೆಂಟರ ಕಮಿಷನ್ ಸೇರಿ ಹೂವೊಂದಕ್ಕೆ 80 ಪೈಸೆ: 1.6 ಲಕ್ಷ. ಜರ್ಬೆರಾ ಗಿಡಕ್ಕೆ ಹೆಚ್ಚೆಂದರೆ ಮೂರು ವರ್ಷ ಆಯಸ್ಸು, ಶೀಟಿಗೆ ಮೂರು ನಾಲ್ಕು ವರ್ಷ. ಎರಡನ್ನೂ ಬದಲಿಸಲು ವರ್ಷಕ್ಕೆ ಒಂದು ಲಕ್ಷ ಎತ್ತಿಡಬೇಕು. ನಿಮ್ಮ ಪಾಲಿನ ಬಂಡವಾಳದ ಸವೆತ ಮತ್ತು ಬ್ಯಾಂಕಿನ ಬಡ್ಡಿಗೆ ಇನ್ನೊಂದು ಲಕ್ಷ. ಎಲ್ಲ ಕೂಡಿದರೆ 8.7 ಲಕ್ಷ. ಎರಡು ಲಕ್ಷ ಹೂವಿಗೆ ಹಂಚಿದರೆ ಹೂವೊಂದಕ್ಕೆ 4 ರೂಪಾಯಿ 35 ಪೈಸೆ ಬೀಳುತ್ತದೆ.

ಇದರಲ್ಲಿ ಸಬ್ಸಿಡಿಯ ಪಾಲು ಎಷ್ಟು? 7.72 ಲಕ್ಷವನ್ನು ಹತ್ತು ವರ್ಷದ ಇಪ್ಪತ್ತು ಲಕ್ಷ ಹೂವಿಗೆ ಹರಡಿ ನೋಡಿ. ಹೂವೊಂದಕ್ಕೆ 39 ಪೈಸೆ. ಪ್ಯಾಕಿಂಗ್ ಮತ್ತು ಸಾಗಾಟಕ್ಕೆ ಹೋಗುವ ದುಡ್ಡಿನ ಅರ್ಧವೂ ಅಲ್ಲ. ಅರ್ಜಿ ಹಾಕುವಾಗ ಏಳು ಲಕ್ಷ ಅನ್ನುವುದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಹೂ ಮಾರುವ ಹೊತ್ತಿಗೆ ಅದು ಲೆಕ್ಕಕ್ಕೇ ಸಿಗುವುದಿಲ್ಲ. ಏಕೆಂದರೆ ಜರ್ಬೆರಾದ ರೇಟು ಪೈಸೆಯಲ್ಲಿ ಆಡುವುದಿಲ್ಲ. ಆಷಾಢದಲ್ಲಿ ಒಂದು ರೂಪಾಯಿಗೂ ಕೇಳುವವರಿರುವುದಿಲ್ಲ. ಮುಹೂರ್ತಗಳು ಸಾಲಾಗಿ ಬಿದ್ದ ವಾರ ಎಂಟು ಹತ್ತು ರೂಪಾಯಿಗೂ ಹೋಗುತ್ತದೆ. ವರ್ಷದ ಸರಾಸರಿ ಐದು ರೂಪಾಯಿ ಬಂದರೆ 1.3 ಲಕ್ಷ ಲಾಭ, ಮೂರೂವರೆಗೆ ಇಳಿದರೆ 1.7 ಲಕ್ಷ ಕೈಯಿಂದ. ಒಂದೂವರೆ ರೂಪಾಯಿಯ ಆಚೀಚೆಯಲ್ಲಿ ಇಡೀ ಬದುಕು.

ಆಳಿನ ಬದಲು ಗಂಡ ಹೆಂಡತಿಯೇ ದುಡಿದರೆ? ಆಗ ಆ 3.65 ಲಕ್ಷ ಮನೆಯಲ್ಲೇ ಉಳಿಯುತ್ತದೆ. ಪಾಲಿಹೌಸ್‌ನಲ್ಲಿ ಗೆದ್ದೆವು ಅನ್ನುವ ಎಷ್ಟೋ ಮನೆಗಳ ಕಥೆ ಇದೇ. ಅದು ಲಾಭ ಅಲ್ಲ, ಕೂಲಿ. ಕೂಲಿ ಅಂದರೆ ಕೀಳಲ್ಲ, ಆದರೆ ಲಾಭ ಅಂತ ತಿಳಿದು ಇನ್ನೂ ಹತ್ತು ಗುಂಟೆಗೆ ಸಾಲ ಮಾಡಿದರೆ, ಎರಡನೆಯ ಹತ್ತು ಗುಂಟೆಗೆ ಮನೆಯವರ ಕೈ ಸಾಲುವುದಿಲ್ಲ. ಅಲ್ಲಿಗೆ ಆಳು ಬೇಕು. ಆಳು ಎಲ್ಲಿದ್ದಾರೆ? ನವೆಂಬರ್, ಡಿಸೆಂಬರ್ ಅಂದರೆ ಮದುವೆ ಸೀಸನ್, ಹೂವಿಗೆ ರೇಟು. ಅದೇ ಹೊತ್ತಿಗೆ ಮಲೆನಾಡಿನಲ್ಲಿ ಅಡಿಕೆ ಕೊನೆ ತೆಗೆಯುವುದು, ಸುಲಿಯುವುದು. ಆ ಎರಡು ತಿಂಗಳು ಪಾಲಿಹೌಸ್‌ಗೆ ಬನ್ನಿ ಅಂತ ಕರೆದರೆ ಬರುವವರು ಯಾರು?

ಇನ್ನು "ನಮ್ಮದು ತಂಪು ಸೀಮೆ, ಹೂವಿಗೆ ಹೇಳಿ ಮಾಡಿಸಿದ ಜಾಗ" ಅನ್ನುವ ಮಾತು. ಇದನ್ನು ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಶಿವಮೊಗ್ಗ ನಗರ ಇರುವುದು ಸಮುದ್ರ ಮಟ್ಟದಿಂದ ಸುಮಾರು 570 ಮೀಟರ್ ಎತ್ತರದಲ್ಲಿ. ಸಾಗರ, ತೀರ್ಥಹಳ್ಳಿ, ಹೊಸನಗರವೂ 600ರ ಆಸುಪಾಸು. ಬೆಂಗಳೂರು 900 ಮೀಟರ್ ದಾಟಿದೆ, ಹೊಸೂರು ಹತ್ತಿರ ಹತ್ತಿರ ಅಷ್ಟೇ. ಕಾರ್ನೇಷನ್ ಬೆಳೆಯುವ ಊಟಿ 2,200 ಮೀಟರ್‌ಗೂ ಮೇಲೆ. ನಾವು ಗುಡ್ಡ ಬೆಟ್ಟ ನೋಡಿ ಎತ್ತರ ಅಂದುಕೊಂಡಿದ್ದೇವೆ, ಅಷ್ಟೇ. ನಮ್ಮ ತಂಪು ಎತ್ತರದ ತಂಪಲ್ಲ, ಮರದ ನೆರಳಿನ ಮತ್ತು ಮಳೆಯ ತಂಪು. ಜರ್ಬೆರಾಕ್ಕೆ, ಡಚ್ ಗುಲಾಬಿಗೆ ಬೇಕಾದದ್ದು ಬೇರೆ: ಹಗಲು 22ರಿಂದ 28 ಡಿಗ್ರಿ, ರಾತ್ರಿ 15ರ ಹತ್ತಿರ, ಗಾಳಿಯಲ್ಲಿ ಹದವಾದ ತೇವ, ಬೇಕಾದಷ್ಟು ಬಿಸಿಲು. ಏಪ್ರಿಲ್‌ನಲ್ಲಿ ಶಿವಮೊಗ್ಗದಲ್ಲಿ 36, 37 ಡಿಗ್ರಿ ಸುಡುವಾಗ ಶೀಟಿನ ಒಳಗೆ ಹೇಗಿರುತ್ತದೆ ಅಂತ ಮಧ್ಯಾಹ್ನ ಹನ್ನೆರಡಕ್ಕೆ ಹೋಗಿ ನಿಂತು ನೋಡಿ. ಹೂ ಚಿಕ್ಕದಾಗುತ್ತದೆ, ದಂಟು ಗಿಡ್ಡವಾಗುತ್ತದೆ, ನುಸಿ ಏಳುತ್ತದೆ.

ಮಳೆಗಾಲದ್ದು ಇನ್ನೊಂದು ಕಥೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್‌ಗೂ ಮೇಲೆ ಮಳೆ. ಅದೇ ಜಿಲ್ಲೆಯ ಶಿಕಾರಿಪುರದ ಬಯಲಲ್ಲಿ ಅದರ ಕಾಲು ಪಾಲೂ ಇಲ್ಲ. ಹಾಗಾಗಿ "ಶಿವಮೊಗ್ಗ ಜಿಲ್ಲೆಗೆ ಪಾಲಿಹೌಸ್ ಆಗುತ್ತಾ" ಅನ್ನುವ ಪ್ರಶ್ನೆಯೇ ಸರಿಯಿಲ್ಲ. ಶಿಕಾರಿಪುರ, ಭದ್ರಾವತಿ ಕಡೆಗೆ ಒಂದು ಉತ್ತರ, ಘಟ್ಟದ ಅಂಚಿಗೆ ಇನ್ನೊಂದು. ಘಟ್ಟದ ಅಂಚಲ್ಲಿ ಶೀಟು ಮಳೆಯನ್ನು ತಡೆಯುತ್ತದೆ, ತೇವವನ್ನು ತಡೆಯುವುದಿಲ್ಲ. ಜುಲೈಯಲ್ಲಿ ವಾರಗಟ್ಟಲೆ ಬಿಸಿಲೇ ಇರುವುದಿಲ್ಲ. ಒಳಗೆ ಗೋಡೆ ಮುಟ್ಟಿದರೆ ಕೈ ಒದ್ದೆ. ಶೀಟಿನ ಹನಿ ಎಸಳಿನ ಮೇಲೆ ಬಿದ್ದ ಕಡೆ ಎರಡು ದಿನದಲ್ಲಿ ಕಂದು ಚುಕ್ಕಿ, ಆಮೇಲೆ ಬೂದು ಬೂಷ್ಟು. ಶೀಟಿನ ಹೊರಮೈಗೆ ಪಾಚಿ ಹಿಡಿಯುತ್ತದೆ, ಮೊದಲೇ ಕಮ್ಮಿ ಇದ್ದ ಬೆಳಕು ಇನ್ನೂ ಕಮ್ಮಿ. ಅದನ್ನು ಉಜ್ಜಲು ಪೈಪು ಹತ್ತಬೇಕು. ಮರ ಬಿದ್ದು ಕರೆಂಟು ಹೋದರೆ ಮೂರು ದಿನ ಮೋಟರೂ ಇಲ್ಲ, ಡ್ರಿಪ್ಪೂ ಇಲ್ಲ.

ಮಲೆನಾಡಿನ ಪರವಾಗಿ ಒಂದು ಮಾತು ಹೇಳಲೇಬೇಕು, ಅದು ಮಣ್ಣು. ಜರ್ಬೆರಾಕ್ಕೆ ಸ್ವಲ್ಪ ಹುಳಿ ಮಣ್ಣು ಬೇಕು, ನಮ್ಮ ಕೆಂಪು ಮಣ್ಣು ಹಾಗೇ ಇದೆ. ಒಂದೂವರೆ ಅಡಿ ಎತ್ತರದ ಬೆಡ್ಡಿಗೆ ಕೆಂಪು ಮಣ್ಣು, ಕೊಟ್ಟಿಗೆ ಗೊಬ್ಬರ, ಭತ್ತದ ಹೊಟ್ಟು ಬೆರೆಸುತ್ತಾರೆ. ಹೊಟ್ಟಿಗೆ ಶಿವಮೊಗ್ಗದ ರೈಸ್ ಮಿಲ್ಲುಗಳಿವೆ. ಬಯಲುಸೀಮೆಯವರು ಲಾರಿಯಲ್ಲಿ ತರಿಸುವ ಕೆಂಪು ಮಣ್ಣು ಇಲ್ಲಿ ಮನೆ ಹಿಂದಿನ ಧರೆಯಲ್ಲೇ ಇದೆ.

ಬೆಳೆಯುವುದು ಹೇಗೋ ಆಗುತ್ತದೆ ಅನ್ನೋಣ. ಕಷ್ಟ ಇರುವುದು ಮಾರುವುದರಲ್ಲಿ.

ಜರ್ಬೆರಾ ಕೊಯ್ಲನ್ನು ಹತ್ತಿರದಿಂದ ನೋಡಿದರೆ ಇದು ಅರ್ಥವಾಗುತ್ತದೆ. ಕತ್ತರಿ ಬಳಸುವುದಿಲ್ಲ. ದಂಟನ್ನು ಬುಡದಲ್ಲಿ ಹಿಡಿದು ಸ್ವಲ್ಪ ತಿರುಚಿ ಎಳೆದರೆ ಪಟ್ ಅಂತ ಕೈಗೆ ಬರುತ್ತದೆ. ಕತ್ತರಿಸಿದರೆ ಉಳಿದ ಮೋಟು ಕೊಳೆತು ಗಿಡಕ್ಕೇ ರೋಗ. ಹೂವಿನ ನಡುವಿನ ಬಿಲ್ಲೆಯಲ್ಲಿ ಹೊರಗಿನ ಎರಡು ಸುತ್ತು ಅರಳಿರಬೇಕು. ಬೇಗ ಕಿತ್ತರೆ ದಂಟು ಬಾಗುತ್ತದೆ, ತಡವಾದರೆ ಹೂದಾನಿಯಲ್ಲಿ ಬಾಳಿಕೆ ಇಲ್ಲ. ಕಿತ್ತದ್ದನ್ನು ನೀರಿನ ಬಕೆಟ್ಟಿಗೆ ಇಟ್ಟು, ಒಂದೊಂದು ಹೂವಿಗೂ ಪ್ಲಾಸ್ಟಿಕ್ ಟೋಪಿ ತೊಡಿಸಿ, ಹತ್ತತ್ತರ ಬಂಚು ಕಟ್ಟಿ, ಬಾಕ್ಸಿಗೆ ಹಾಕಿ, ಸಂಜೆ ಬಸ್‌ಸ್ಟ್ಯಾಂಡಿಗೆ ಒಯ್ಯಬೇಕು. ಶಿವಮೊಗ್ಗದಿಂದಲೇ ಬೆಂಗಳೂರಿಗೆ ಮುನ್ನೂರು ಕಿಲೋಮೀಟರ್, ತೀರ್ಥಹಳ್ಳಿಯಿಂದಾದರೆ ಇನ್ನೂ ಅರವತ್ತು. ಬೆಳಗಿನ ಜಾವ ಬಾಕ್ಸು ತಲುಪುತ್ತದೆ. ರೇಟು ವಾಟ್ಸಾಪಿನಲ್ಲಿ ಬರುವುದು ಆಮೇಲೆ. ಕಮ್ಮಿ ಅನಿಸಿದರೆ ವಾಪಸ್ ತರಿಸಿಕೊಳ್ಳುತ್ತೀರಾ?

ಅಡಿಕೆ ಬೆಳೆಗಾರನಿಗೆ ಈ ಸ್ಥಿತಿ ಹೊಸತು. ರಾಶಿ ಅಡಿಕೆಗೆ ಕ್ವಿಂಟಲ್‌ಗೆ ನಲವತ್ತೆಂಟು ಸಾವಿರ ಇದ್ದದ್ದು ನಲವತ್ತಕ್ಕೆ ಬಿದ್ದರೆ ಚೀಲ ಮನೆಯಲ್ಲೇ ಇರಲಿ ಅನ್ನುತ್ತಾನೆ. ಇಲ್ಲವೇ ಅಡಿಕೆ ಮಾರಾಟದ ಸಹಕಾರ ಸಂಘ ಮ್ಯಾಮ್‌ಕೋಸ್‌ನಲ್ಲಿ ಇಡುತ್ತಾನೆ, ಮಗಳ ಮದುವೆಗೋ ಟ್ರ್ಯಾಕ್ಟರಿಗೋ ಬೇಕಾದಾಗ ಮಾರುತ್ತಾನೆ. ಕಾಯುವ ಈ ಶಕ್ತಿಯೇ ಅವನ ಬಂಡವಾಳ. ತಲೆಮಾರುಗಳಿಂದ ಹೀಗೆ ವ್ಯಾಪಾರ ಕಲಿತ ಮನೆಗೆ, ನಾಳೆ ಬೆಳಗಾದರೆ ಬೆಲೆ ಕಳೆದುಕೊಳ್ಳುವ ಮಾಲು ಬಂದು ಕೂತಿದೆ. ಮಲೆನಾಡಿನಲ್ಲಿ ಹೂವಿನ ಕೃಷಿ ಎಡವುವುದು ಹೆಚ್ಚಾಗಿ ಇಲ್ಲೇ ಅಂತ ನನ್ನ ಅಭಿಪ್ರಾಯ. ಪುಸ್ತಕ ನೋಡಿ ಬೆಳೆ ಕಲಿಯಬಹುದು. ದಿನಾ ಬೆಳಿಗ್ಗೆ ಫೋನ್ ಹಿಡಿದು ಮಾರುವುದಕ್ಕೆ ಬೇರೆ ಜಾತಿಯ ಮನಸ್ಸು ಬೇಕು.

ಬೆಂಗಳೂರಿನ ಹೆಬ್ಬಾಳದಲ್ಲಿ ಅಂತರರಾಷ್ಟ್ರೀಯ ಹೂವಿನ ಹರಾಜು ಕೇಂದ್ರ ಇದೆ. ಅಲ್ಲಿ ಡಚ್ಚರ ಪದ್ಧತಿ: ಗಡಿಯಾರದಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತಾ ಬರುತ್ತದೆ, ಮೊದಲು ಗುಂಡಿ ಒತ್ತಿದವನಿಗೆ ಮಾಲು. ಏಜೆಂಟರ ಬಾಯಿಮಾತಿಗಿಂತ ಇದು ವಾಸಿ, ಬೆಲೆ ಎಲ್ಲರ ಕಣ್ಣೆದುರು ಗೊತ್ತಾಗುತ್ತದೆ. ಆದರೆ ದೊಡ್ಡಬಳ್ಳಾಪುರದವನ ಹೂವು ಕಿತ್ತ ಕೆಲವೇ ಗಂಟೆಯಲ್ಲಿ ಅಲ್ಲಿರುತ್ತದೆ, ಹೊಸನಗರದ್ದು ರಾತ್ರಿಯೆಲ್ಲ ಬಸ್ಸಿನ ಡಿಕ್ಕಿಯಲ್ಲಿ ಬೆಂದು ಬಂದಿರುತ್ತದೆ. ಎರಡಕ್ಕೂ ಒಂದೇ ಗಡಿಯಾರ. ಸೋಗಾನೆಯಲ್ಲಿ ವಿಮಾನ ನಿಲ್ದಾಣ ಬಂತಲ್ಲ, ನೇರ ಕಳಿಸಬಹುದಲ್ವಾ ಅಂತ ಕೇಳುವವರಿದ್ದಾರೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆಯಿತು, ಆಗಸ್ಟ್ ಕೊನೆಗೆ ವಿಮಾನ ಹಾರಿತು. ಕಟ್ಟಡವಂತೂ ಕಮಲದ ಹೂವಿನಂತೆಯೇ ಇದೆ! ಆದರೆ ನಾಲ್ಕು ರೂಪಾಯಿಯ ಜರ್ಬೆರಾಕ್ಕೆ ವಿಮಾನದ ಬಾಡಿಗೆ ಕಟ್ಟಿದರೆ ಉಳಿಯುವುದು ಏನು? ಅದಕ್ಕೆ ಬೇಕಾದದ್ದು ಬಸ್‌ಸ್ಟ್ಯಾಂಡಿನ ಪಕ್ಕ ಒಂದು ತಂಪು ಕೋಣೆ.

ಸ್ಥಳೀಯವಾಗಿ ಮಾರೋಣ ಅಂದರೆ, ಶಿವಮೊಗ್ಗದ ಗಾಂಧಿ ಬಜಾರಿನ ಹೂವಿನವರ ಮುಂದೆ ಒಂದು ಸಂಜೆ ನಿಂತರೆ ಗೊತ್ತಾಗುತ್ತದೆ. ಸೇವಂತಿಗೆ ಮಾರಿನ ಲೆಕ್ಕ, ಮಲ್ಲಿಗೆ ಮೊಳದ ಲೆಕ್ಕ. ದೇವರಿಗೆ, ಮುಡಿಗೆ, ಗಾಡಿಗೆ. ಜರ್ಬೆರಾವನ್ನು ದೇವರಿಗೂ ಏರಿಸುವುದಿಲ್ಲ, ಮುಡಿಯುವುದೂ ಇಲ್ಲ. ಅದನ್ನು ಕೊಳ್ಳುವವರು ಮಂಟಪ ಕಟ್ಟುವ ಡೆಕೋರೇಷನ್‌ನವರು, ಬೊಕೆ ಅಂಗಡಿಯವರು. ಒಂದು ತಾಲೂಕಿನಲ್ಲಿ ಅವರನ್ನು ಬೆರಳಲ್ಲಿ ಎಣಿಸಬಹುದು. ಅವರ ಕೈಯಲ್ಲಿ ಬೆಂಗಳೂರಿನ ರೇಟು ಇರುತ್ತದೆ, ಅದಕ್ಕಿಂತ ಒಂದು ಪೈಸೆ ಜಾಸ್ತಿ ಕೊಡುವುದಿಲ್ಲ. ತಮಾಷೆ ಏನೆಂದರೆ, ಇಲ್ಲಿನ ಮದುವೆಗೆ ಬೆಂಗಳೂರಿನ ಹೂ ಬಸ್ಸಲ್ಲಿ ಬರುತ್ತದೆ, ಇಲ್ಲಿ ಬೆಳೆದ ಹೂ ಬಸ್ಸಲ್ಲೇ ಬೆಂಗಳೂರಿಗೆ ಹೋಗುತ್ತದೆ. ಡೆಕೋರೇಷನ್‌ನವನಿಗೆ ಒಂದೇ ಹೊತ್ತಿಗೆ ಆರು ಬಣ್ಣ ಬೇಕು, ಜೊತೆಗೆ ಗುಲಾಬಿ, ಕಾರ್ನೇಷನ್, ಎಲೆ ಎಲ್ಲ ಬೇಕು. ಹತ್ತು ಗುಂಟೆಯವನ ಹತ್ತಿರ ಅವತ್ತು ಹಳದಿ ಮಾತ್ರ ಇರುತ್ತದೆ.

ಆ ಮಂಟಪದಲ್ಲೂ ಈಗ ಪ್ಲಾಸ್ಟಿಕ್ ಹೂವು ಬಂದು ಕೂತಿದೆ. ಒಮ್ಮೆ ತಂದರೆ ನೂರು ಮದುವೆ. 2022ರ ಜುಲೈ 1ರಿಂದ ದೇಶದಲ್ಲಿ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ವಸ್ತುಗಳಿಗೆ ನಿಷೇಧ ಬಂತು. ಅಲಂಕಾರಕ್ಕೆ ಬಳಸುವ ಥರ್ಮಾಕೋಲ್ ಆ ಪಟ್ಟಿಯಲ್ಲಿದೆ, ಪಕ್ಕದಲ್ಲೇ ಇರುವ ಪ್ಲಾಸ್ಟಿಕ್ ಹೂವು ಇಲ್ಲ. ಒಮ್ಮೆ ಬಳಸಿ ಎಸೆಯುವುದಲ್ಲವಲ್ಲ, ಅದೇ ಅದರ ರಕ್ಷಣೆ. ಬೆಳೆಗಾರರು ನಿಷೇಧಿಸಿ ಅಂತ ಕೇಳುತ್ತಲೇ ಇದ್ದಾರೆ. ನಿಷೇಧ ಬಂದರೆ ಒಳ್ಳೆಯದೇ, ಆದರೆ ಅದನ್ನು ನಂಬಿಕೊಂಡು ಸಾಲ ಮಾಡುವಂತಿಲ್ಲ.

ಸರ್ಕಾರ ಈ ಬೆಳೆಯನ್ನು ಎಷ್ಟು ಅರ್ಥ ಮಾಡಿಕೊಂಡಿದೆ ಅನ್ನುವುದಕ್ಕೆ ಕೊರೊನಾ ಕಾಲದ ಒಂದು ಲೆಕ್ಕ ಸಾಕು. 2020ರ ಲಾಕ್‌ಡೌನಿನಲ್ಲಿ ಮದುವೆ, ದೇವಸ್ಥಾನ, ಹರಾಜು ಎಲ್ಲ ನಿಂತು ಹೂ ತಿಪ್ಪೆಗೆ ಹೋಯಿತು. ಮೇ ತಿಂಗಳಲ್ಲಿ ಆಗಿನ ಮುಖ್ಯಮಂತ್ರಿ, ಶಿಕಾರಿಪುರದ ಶಾಸಕರೇ ಆಗಿದ್ದ ಬಿ.ಎಸ್. ಯಡಿಯೂರಪ್ಪ ಪ್ಯಾಕೇಜ್ ಘೋಷಿಸಿದರು. ಹೂ ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ, ಹೆಚ್ಚೆಂದರೆ ಒಂದು ಹೆಕ್ಟೇರಿಗೆ. ಚೆಂಡು ಹೂವಿನ ಹೊಲಕ್ಕೆ ಅದು ಏನೋ ಒಂದು ಆಸರೆ. ಹತ್ತು ಗುಂಟೆ ಪಾಲಿಹೌಸ್‌ಗೆ ಹಾಕಿ ನೋಡಿ: 2,500 ರೂಪಾಯಿ. ಚದರ ಮೀಟರಿಗೆ ಎರಡೂವರೆ. ಅದೇ ಚದರ ಮೀಟರಿಗೆ ಸರ್ಕಾರವೇ ಒಪ್ಪಿದ ವೆಚ್ಚ 1,545. ಕಟ್ಟುವಾಗ ಚದರ ಮೀಟರಿನಲ್ಲಿ ಅಳೆದವರು, ಬಿದ್ದಾಗ ಹೆಕ್ಟೇರಿನಲ್ಲಿ ಅಳೆದರು.

ಹಾಗಾದರೆ ಮಲೆನಾಡಿಗೆ ಹೂವೇ ಬೇಡವೇ? ಬೇಡ ಅನ್ನುವವನು ಮಳೆಗಾಲದಲ್ಲಿ ಸಾಗರ, ಸೊರಬದ ಕಡೆಯ ಮನೆಯಂಗಳದ ಡೇರೆ (ಡೇಲಿಯಾ) ಹೂವನ್ನು ನೋಡಿಲ್ಲ ಅಂತ ಅರ್ಥ. ಜಡಿಮಳೆಯಲ್ಲೇ ತಟ್ಟೆಯಗಲ ಅರಳುತ್ತದೆ, ಗೆಡ್ಡೆ ಪಕ್ಕದ ಮನೆಯಿಂದ ಬಂದಿರುತ್ತದೆ. ನಮ್ಮ ಹವೆಗೆ ಒಗ್ಗುವ ಹೂ ಯಾವುದು ಅಂತ ಕೇಳಬೇಕಾದದ್ದು ಅಲ್ಲಿಂದ. ಮಾರಾಟದ ಹೂವಿನಲ್ಲಿ ಹಾಗೆ ಒಗ್ಗುವುದು ಆಂಥೂರಿಯಂ. ಅದಕ್ಕೆ ಬಿಸಿಲು ಬೇಡ, ಮುಕ್ಕಾಲು ಪಾಲು ನೆರಳು ಬೇಕು. ಗಾಳಿಯಲ್ಲಿ ಎಪ್ಪತ್ತು ಎಂಬತ್ತು ಪಾಲು ತೇವ ಬೇಕು. ಜರ್ಬೆರಾಕ್ಕೆ ರೋಗ ತರುವ ತೇವ ಇದಕ್ಕೆ ಊಟ. ಮೇಲೆ ನೆರಳಿಗೆ ಶೇಡ್‌ನೆಟ್, ಬುಡಕ್ಕೆ ತೆಂಗಿನ ಸಿಪ್ಪೆ ಚೂರು, ಇಟ್ಟಿಗೆ ಚೂರು, ಇದ್ದಿಲು. ಮಳೆ ಹನಿ ಎಲೆಯಿಂದ ಎಲೆಗೆ ಸಿಡಿದರೆ ಅಂಗಮಾರಿ ಹರಡುತ್ತದೆ, ಹಾಗಾಗಿ ನೆಟ್ಟಿನ ಮೇಲೆ ಒಂದು ಶೀಟು ಬೇಕೇ ಬೇಕು. ಗಿಡದ ಬೆಲೆ ಜಾಸ್ತಿ, ಹೂ ಕಮ್ಮಿ, ವರ್ಷಕ್ಕೆ ಗಿಡಕ್ಕೆ ಆರೇಳು. ಆದರೆ ಬಿಟ್ಟ ಹೂ ಗಿಡದಲ್ಲೇ ವಾರಗಟ್ಟಲೆ ಕೆಡದೆ ನಿಲ್ಲುತ್ತದೆ, ಕಿತ್ತ ಮೇಲೂ ಎರಡು ಮೂರು ವಾರ ಬಾಳುತ್ತದೆ. ರೇಟು ಬಿದ್ದ ವಾರ ಕೀಳದೆ ಬಿಡಬಹುದು. ಅಡಿಕೆಯವನಿಗೆ ಒಗ್ಗುವ ಹೂ ಅಂದರೆ ಇದು. ಕೊಡಗಿನಲ್ಲಿ ಕಾಫಿ ತೋಟದ ಮನೆಯ ಹೆಂಗಸರು ಇದನ್ನು ಹಿತ್ತಲ ಆದಾಯವಾಗಿ ಮಾಡಿಕೊಂಡು ಬಂದಿದ್ದಾರೆ. ಹೂವಿನ ಜೊತೆ ಬೊಕೆಗೆ ಬೇಕಾಗುವ ಎಲೆಗಳೂ ಇವೆ: ಡ್ರಸೀನಾ, ಜರೀಗಿಡ. ಅಡಿಕೆ ಮರದ ನೆರಳಲ್ಲೇ ಬರುತ್ತವೆ, ಶೆಡ್ಡೂ ಬೇಡ. ಕಾಡಿನಿಂದ ಕಿತ್ತು ತರುವ ಕೆಲಸ ಮಾತ್ರ ಬೇಡ, ಅದು ಕೇಸಾಗುತ್ತದೆ.

ಸಾಗರದ ಇರುವಕ್ಕಿಯಲ್ಲಿ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವೇ ಇದೆ. ಜುಲೈ ತಿಂಗಳ ಬೆಳಕಿನಲ್ಲಿ ಯಾವ ತಳಿ ಎಷ್ಟು ಹೂ ಬಿಡುತ್ತದೆ, ಘಟ್ಟದ ಅಂಚಿನ ಶೀಟಿಗೆ ನಿಜವಾದ ಆಯಸ್ಸು ಎಷ್ಟು ಅಂತ ತಾಲೂಕುವಾರು ಅಂಕಿ ಅಲ್ಲಿಂದ ಬಂದರೆ ಕಾಂಟ್ರಾಕ್ಟರ್ ಹೇಳಿದ್ದೇ ವೇದ ಆಗುವುದು ತಪ್ಪುತ್ತದೆ. ಇಲಾಖೆಯೂ ಚದರ ಮೀಟರಿನ ಸಬ್ಸಿಡಿಯಲ್ಲಿ ಒಂದಿಷ್ಟು ತೆಗೆದು, ನಾಲ್ಕೈದು ಬೆಳೆಗಾರರು ಸೇರಿ ಕಟ್ಟುವ ತಂಪು ಕೋಣೆಗೆ ಕೊಡಬಹುದು. ಒಬ್ಬ ಹಳದಿ, ಇನ್ನೊಬ್ಬ ಕೆಂಪು, ಮತ್ತೊಬ್ಬ ಎಲೆ ಬೆಳೆದು ಒಂದೇ ಕೋಣೆಗೆ ತಂದಿಟ್ಟರೆ ಡೆಕೋರೇಷನ್‌ನವನು ಬೆಂಗಳೂರಿಗೆ ಫೋನ್ ಮಾಡುವ ಮೊದಲು ಇಲ್ಲಿಗೆ ಮಾಡುತ್ತಾನೆ. ಬಸ್ಸಿನ ಚಾರ್ಜು, ಏಜೆಂಟರ ಕಮಿಷನ್ ಎರಡರಲ್ಲೂ ಒಂದು ಪಾಲು ಉಳಿಯುತ್ತದೆ. 80 ಪೈಸೆಯಲ್ಲಿ 40 ಉಳಿದರೂ ಅದು ಇಡೀ ಸಬ್ಸಿಡಿಗೆ ಸಮ.

ಅಷ್ಟರವರೆಗೆ, ಅರ್ಜಿ ಹಾಕಬೇಕು ಅಂತ ಹೊರಟವರು ಒಂದು ಹಾಳೆ ತೆಗೆದುಕೊಳ್ಳಿ. ಹತ್ತು ಗುಂಟೆಯಲ್ಲಿ ದಿನಕ್ಕೆ ಹತ್ತಿರ ಹತ್ತಿರ 550 ಹೂ ಬರುತ್ತದೆ, ಮುಹೂರ್ತ ಇರಲಿ ಇಲ್ಲದಿರಲಿ. ಅರವತ್ತು ಕಿಲೋಮೀಟರ್ ಒಳಗೆ ಅದನ್ನು ಕೊಳ್ಳುವವರು ಯಾರು ಅಂತ ಹೆಸರು, ಫೋನ್ ನಂಬರ್ ಸಮೇತ ಬರೆಯಿರಿ. ಪಕ್ಕದಲ್ಲಿ ಆಷಾಢ, ಪಿತೃಪಕ್ಷ, ಧನುರ್ಮಾಸ ಅಂತ ಮೂರು ಕಾಲಂ ಎಳೆದು, ಆ ದಿನಗಳಲ್ಲಿ ಅವರಲ್ಲಿ ಎಷ್ಟು ಜನ ಕೊಳ್ಳುತ್ತಾರೆ ಅಂತ ಅವರನ್ನೇ ಕೇಳಿ ತುಂಬಿಸಿ. ಹಾಳೆ ಅರ್ಧ ತುಂಬಿದರೆ ಐದು ಗುಂಟೆ ಹಾಕಿ. ಖಾಲಿ ಉಳಿದರೆ ಶೇಡ್‌ನೆಟ್ಟಿನ ಕೆಳಗೆ ಇನ್ನೂರು ಆಂಥೂರಿಯಂ ಗಿಡ ಇಟ್ಟು ಎರಡು ಮಳೆಗಾಲ ನೋಡಿ.